ಹಳೇ ಆಲ, ಹೊಸ ಕಡ್ಡಿ
ಚಾಮುಂಡಿ ಬೆಟ್ಟದ ಮೇಲೆ ಮುಂಗಾರಿನ ಮೋಡ ಕೂತಿದ್ದೇ ತಡ, ನಮ್ಮ ತಾರಸಿಯಲ್ಲಿ ಬೋನ್ಸಾಯ್ ಕುಂಡ ಬದಲಿಸೋ ಕೆಲಸ ಶುರು. ಹಳೇ ಆಲವನ್ನ ಎಬ್ಬಿಸಿದರೆ ತಳದಲ್ಲಿ ಬೇರು ಸುತ್ತಿ ಸುತ್ತಿ ಚಾಪೆ ಹೆಣೆದ ಹಾಗಿತ್ತು. ಕಡ್ಡಿಯಲ್ಲಿ ಬಿಡಿಸಿ, ಮೂರನೇ ಒಂದು ಭಾಗ ಕತ್ತರಿಸಿದೆ. "ಅಯ್ಯೋ, ಸತ್ತೋಗುತ್ತೆ ಕಣಮ್ಮ" ಅಂದ್ರು ಅತ್ತೆ. ಸಾಯಲ್ಲ. ಕತ್ತರಿಸಿದ ಕಡೆಯೇ ಸಣ್ಣ ಬೇರು ಒಡೆಯೋದು, ನೀರು ಹೀರೋದೂ ಅವೇ. ಸ್ವಲ್ಪ ದಿನ ನೆರಳು ಸಾಕು, ಗೊಬ್ಬರ ಈಗಲೇ ಬೇಡ.

ಸವರಿದ ಕೊಂಬೆಗಳಲ್ಲಿ ಪೆನ್ಸಿಲ್ ದಪ್ಪದವನ್ನ ಆರಿಸಿ, ಹಾಲು ಒರೆಸಿ, ತುದಿಯ ಎರಡೆಲೆ ಬಿಟ್ಟು ಮಿಕ್ಕಿದ್ದು ಕಿತ್ತು, ಮರಳು-ಕೋಕೋಪೀಟಲ್ಲಿ (ತೆಂಗಿನ ನಾರಿನ ಪುಡಿ) ನೆಟ್ಟೆ. ಮೈಸೂರಿನ ಊಟಿ ರಸ್ತೆಯ ದತ್ತಪೀಠ, ಅಂದ್ರೆ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟ ನೋಡಿಬಂದವರಿಗೆಲ್ಲ ಅಂಥದೇ ಮುದಿ ಮರ ಇವತ್ತೇ ಬೇಕು. ನನಗೇನೋ ಈ ಕಡ್ಡಿಗಳ ಮೇಲೇ ಆಸೆ. ಕಾಂಡ ದಪ್ಪ ಆಗೋ ಹೊತ್ತಿಗೆ ಮಗಳ ಮದುವೇನೇ ಆಗಿರುತ್ತೇನೋ! ಪಕ್ಕದ ಮನೆಯವರು ಮಾತ್ರ ಒಂದನ್ನ ಆಗಲೇ ಕೇಳಿಟ್ಟಿದ್ದಾರೆ.