ಹಳೆ ರೆಕಾರ್ಡುಗಳ ಕೆಲಸ: ಮೊದಲು ಷಡ್ಜ ಸರಿಯಾಗಲಿ

ಮನೆಯಲ್ಲಿರುವ ಹಿಂದುಸ್ತಾನಿ ರೆಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. 78ರ ತಟ್ಟೆಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ತಟ್ಟೆಗಳು, ಹೆಚ್ಚುಕಡಿಮೆ ಮುಗಿದವು. ಎಲ್‌ಪಿಗಳು ಅರ್ಧ ಆಗಿವೆ. ಕ್ಯಾಸೆಟ್‌ಗಳನ್ನು ಈಗಷ್ಟೇ ಕೈಗೆತ್ತಿಕೊಂಡಿದ್ದೇನೆ. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆಗಲಿ ಅಂತ ಇಲ್ಲಿಯವರೆಗಿನದ್ದನ್ನು ಬರೆದಿಡುತ್ತಿದ್ದೇನೆ.

ಹಳೆ ರೆಕಾರ್ಡ್ ಅಂದ ತಕ್ಷಣ ಎಲ್ಲರೂ ಕೇಳುವುದು ಗರಗರ ಸದ್ದು ತೆಗೆಯೋದು ಹೇಗೆ ಅಂತ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದದ್ದು. ಮೊದಲು ನೋಡಬೇಕಾದದ್ದು ವೇಗ. ವೇಗ ತಪ್ಪಿದರೆ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’ ಸ್ವರ, ತಪ್ಪುತ್ತದೆ. ಷಡ್ಜ ತಪ್ಪಿದರೆ ಹಾಡುತ್ತಿರುವವರು ಬೇರೆ ಯಾರೋ ಆಗಿಬಿಡುತ್ತಾರೆ. ಗರಗರ ಎಷ್ಟೇ ಇರಲಿ, ಎರಡು ನಿಮಿಷ ಕೂತು ಕೇಳಿದರೆ ಕಿವಿ ಅದನ್ನು ದಾಟಿ ಗಾಯಕರನ್ನು ಹಿಡಿಯುತ್ತದೆ. ವೇಗ ತಪ್ಪಿದ ಹಾಡಿಗೆ ಕಿವಿ ಏನೂ ಮಾಡಲಾರದು.

78 ಅನ್ನುವುದು ಆ ತಟ್ಟೆಗಳಿಗೆ ಬಿದ್ದ ಹೆಸರು, ಅಷ್ಟೇ. ಧ್ವನಿಮುದ್ರಣದ ಮೊದಲ ದಶಕಗಳಲ್ಲಿ ವೇಗ ಎಲ್ಲ ಕಡೆ ಒಂದೇ ಇರಲಿಲ್ಲ. ನಿಮಿಷಕ್ಕೆ ಎಪ್ಪತ್ತು ಸುತ್ತಿನ ಆಸುಪಾಸಿನಿಂದ ಎಂಬತ್ತು ದಾಟುವವರೆಗೂ ಇತ್ತು. ಕೆಲವು ತಟ್ಟೆಗಳ ಮೇಲೆ 80 ಎಂದೇ ಅಚ್ಚಾಗಿರುತ್ತದೆ. 80ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹತ್ತಿರಹತ್ತಿರ ಕಾಲು ಸ್ವರದಷ್ಟು ಇಳಿಯುತ್ತದೆ, ಅಂದರೆ ಹಾರ್ಮೋನಿಯಂನ ಎರಡು ಪಕ್ಕದ ಕೀಲಿಗಳ ನಡುವಿನ ಅರ್ಧ ದೂರ. ವೇಗ ಸುಮಾರು ಆರು ಪರ್ಸೆಂಟ್ ತಪ್ಪಿದರೆ ಪೂರ್ತಿ ಒಂದು ಕೀಲಿ ಆಚೀಚೆ ಆಯಿತು. ಕಪ್ಪು ಒಂದರಲ್ಲಿ (ಮೊದಲ ಕಪ್ಪು ಕೀಲಿ) ಹಾಡಿದವರು ಬಿಳಿ ಒಂದಕ್ಕೆ ಇಳಿದುಬಿಟ್ಟರು!

ಮೊದಲ ಹೆಜ್ಜೆ ಟರ್ನ್‌ಟೇಬಲ್ ಸರಿಯಾಗಿ 78ರಲ್ಲಿ ತಿರುಗುತ್ತಿದೆಯಾ ಅಂತ ನೋಡುವುದು. ಅದಕ್ಕೆ ಸ್ಟ್ರೋಬ್ ತಟ್ಟೆ ಸಾಕು. ಕಾಗದದ ಮೇಲೆ ಸುತ್ತಲೂ 77 ಗೆರೆ ಇರುವ ಚಿತ್ರ ಅದು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ಗೆರೆಗಳು ನಿಂತ ಹಾಗೆ ಕಂಡರೆ ವೇಗ 77.92. ಹಿಂದಕ್ಕೆ ಸರಿದರೆ ನಿಧಾನ, ಮುಂದಕ್ಕೆ ಸರಿದರೆ ಜೋರು. ಎಲ್‌ಪಿಗೆ 180 ಗೆರೆ ಬೇಕು. ಒಳ್ಳೆ ಎಲ್‌ಇಡಿ ಬಲ್ಬುಗಳು ಮಿನುಗುವುದೇ ಇಲ್ಲ, ಇದಕ್ಕೆ ಹಳೆ ನಿಯಾನ್ ದೀಪವೇ ಆಗಬೇಕು.

ಇಲ್ಲಿಂದ ಮುಂದಿನದು ಕಿವಿಯ ಕೆಲಸ. ಹಾಡಿನ ಹಿಂದೆ ಹಾರ್ಮೋನಿಯಂ ಇದ್ದರೆ ಸ್ವಲ್ಪ ಆಧಾರ ಸಿಕ್ಕಿತು. ಅದರ ಷಡ್ಜ ಯಾವುದಾದರೂ ಒಂದು ಕೀಲಿಯ ಹತ್ತಿರ ಬರಲೇಬೇಕು, ಅಲ್ವಾ? ಎರಡು ಕೀಲಿಗಳ ನಟ್ಟನಡುವೆ ಬಂದರೆ ವೇಗದ ಮೇಲೆ ಅನುಮಾನ ಪಡುತ್ತೇನೆ. ಆದರೆ ಎಲ್ಲ ಹಾರ್ಮೋನಿಯಂಗಳ ಶ್ರುತಿಯೂ ಒಂದೇ ಅಲ್ಲ, ಹಾಗಾಗಿ ಅದೊಂದನ್ನೇ ನಂಬುವುದಿಲ್ಲ. ತಬಲಾದ ಎಡಗೈಯ ಬಾಯಾ ಗುಂಯ್ ಅಂದು ಆರುವ ರೀತಿ ನೋಡುತ್ತೇನೆ. ತಾನ್‌ಗಳು (ವೇಗವಾಗಿ ಹಾಡುವ ಸ್ವರಗಳ ಸಾಲು) ಓಡುತ್ತಿವೆಯೋ ಯಾರೋ ಅಟ್ಟಿಸಿಕೊಂಡು ಹೋಗುತ್ತಿದ್ದಾರೋ ಅಂತ ಕೇಳುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡುವುದು ಸಾಹಿತ್ಯದ ವ್ಯಂಜನಗಳು. ಸ, ತ, ಕ ಮುಂತಾದವು ವೇಗ ತಪ್ಪಿದಾಗ ಬಾಯಿಂದ ಬಂದ ಹಾಗೆ ಅನ್ನಿಸುವುದೇ ಇಲ್ಲ. ತಟ್ಟೆಯ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಷಡ್ಜ ಅಳೆಯುವುದನ್ನು ಮಾತ್ರ ಬಿಡಬಾರದು. ಕೆಲವದರಲ್ಲಿ ಮುದ್ರಣದ ಯಂತ್ರವೇ ನಡುವೆ ನಿಧಾನವಾಗಿರುತ್ತದೆ.

ಗಾಯಕರ ನಂತರದ ದಿನಗಳ ಕಂಠವನ್ನು ಅಳತೆಗೋಲು ಮಾಡಿಕೊಳ್ಳುವುದು ಅಪಾಯ. ಗಂಗೂಬಾಯಿ ಹಾನಗಲ್ ಅವರೇ ಇದಕ್ಕೆ ದೊಡ್ಡ ಉದಾಹರಣೆ. ನಮಗೆಲ್ಲ ಗೊತ್ತಿರುವುದು ಅವರ ಆ ತುಂಬು, ಗಡಸು ದನಿ. 1930ರ ದಶಕದ ಅವರ ಮೊದಲ ತಟ್ಟೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಅವುಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಕಂಠ ಬದಲಾಯಿತು. ಇದು ಗೊತ್ತಿಲ್ಲದೆ ಯಾರಾದರೂ ಆ ತಟ್ಟೆಗಳ ವೇಗ ಇಳಿಸಿ “ಈಗ ಗಂಗೂಬಾಯಿಯವರ ಹಾಗೆ ಕೇಳಿಸುತ್ತಿದೆ” ಅಂದರೆ, ಆ ಎಳೆ ವಯಸ್ಸಿನ ದನಿಯನ್ನೇ ಅಳಿಸಿದ ಹಾಗಾಯಿತು. ಆ ಎರಡು ಕಂಠಗಳನ್ನು ಬೆನ್ನುಬೆನ್ನಿಗೆ ಕೇಳುವ ಭಾಗ್ಯ ನಮಗೆ ಸಿಕ್ಕಿರುವುದೇ ಈ ತಟ್ಟೆಗಳಿಂದ.

ಇನ್ನೂ ಹಳೆಯವುಗಳಲ್ಲಿ ಒಂದು ಅನುಕೂಲ ಇದೆ, ಹಾಡಿದವರು ಮಾತಾಡುವುದೂ ಕೇಳಿಸುತ್ತದೆ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರನ್ನು ಮುದ್ರಿಸಿದರು. ಹಾಡು ಮುಗಿಯುತ್ತಿದ್ದಂತೆ ಆಕೆ “ಮೈ ನೇಮ್ ಈಸ್ ಗೌಹರ್ ಜಾನ್” ಎಂದು ಕೂಗಿ ಹೇಳುತ್ತಾರೆ. ಆಗ ತಟ್ಟೆಗಳು ಒತ್ತಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಹಾಡಿದ್ದು ಯಾರು ಅಂತ ತಿಳಿಯಲಿ ಎಂದು ಈ ಏರ್ಪಾಡು. ನನಗೆ ಅದು ಬೇರೆ ರೀತಿ ಕೆಲಸಕ್ಕೆ ಬರುತ್ತದೆ. ಮಾತು ಮಾತಿನ ಹಾಗೆ ಕೇಳಿಸುವವರೆಗೆ ವೇಗ ಸರಿಮಾಡಿದರೆ ಹಾಡೂ ಬಹುಮಟ್ಟಿಗೆ ಜಾಗಕ್ಕೆ ಬರುತ್ತದೆ.

ತೊಳೆಯುವುದರ ಬಗ್ಗೆ ಚಿಕ್ಕದಾಗಿ. 78ರ ತಟ್ಟೆ ಅರಗಿನದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್‌ಪಿಗೆ ಬಳಸುವ ಆಲ್ಕೊಹಾಲ್ ಇರುವ ದ್ರಾವಣವನ್ನು ಇದಕ್ಕೆ ಹಾಕಲೇಬಾರದು. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ, ಗೀರಿನ ಗುಂಟ ಒರೆಸುವುದು, ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳುವುದು, ಬೇಗ ಒಣಗಿಸುವುದು, ಇಷ್ಟೇ. ಸೂಜಿಯೂ ಬೇರೆ ಬೇಕು. ಎಲ್‌ಪಿ ಸೂಜಿಯ ತುದಿ ಸುಮಾರು 18 ಮೈಕ್ರಾನ್, 78ರದ್ದು ಸುಮಾರು 75. ಎಲ್‌ಪಿ ಸೂಜಿ ಹಾಕಿದರೆ ಅದು ಅಗಲವಾದ ಗೀರಿನ ತಳಕ್ಕೆ ಹೋಗಿ ಅಲ್ಲಿರುವ ಧೂಳನ್ನು ಕೆರೆಯುತ್ತಾ ಕೂರುತ್ತದೆ. ಇಳಿಸಿದ ಮೇಲೆ ಎಡ ಬಲ ಎರಡೂ ಚಾನೆಲ್ ಸೇರಿಸಿ ಮೋನೊ ಮಾಡಬೇಕು. ಹಾಡು ಇರುವುದು ಗೀರಿನ ಅಡ್ಡ ಅಲುಗಾಟದಲ್ಲಿ. ಮೇಲೆ ಕೆಳಗೆ ಕುಣಿಯುವುದರಿಂದ ಬರುವ ಸದ್ದು ಕೂಡಿಸಿದಾಗ ತಾನಾಗಿಯೇ ಕಳೆದುಹೋಗುತ್ತದೆ. ಯಾವ ಸಾಫ್ಟ್‌ವೇರ್‌ಗಿಂತಲೂ ಇದು ಹೆಚ್ಚು ಗರಗರ ತೆಗೆಯುತ್ತದೆ, ದನಿಗೆ ಒಂದು ಚೂರೂ ಪೆಟ್ಟಾಗದೆ.

ಸಾಫ್ಟ್‌ವೇರಿನಲ್ಲಿ ನಾನು ತೆಗೆಯುವುದು ಜೋರಾದ ಚಟಕ್ ಸದ್ದುಗಳನ್ನು ಮಾತ್ರ. ಹಿಂದಿನ ಸುಯ್‌ಗುಡುವ ಸದ್ದಿಗೆ ಕೈ ಹಚ್ಚುವುದಿಲ್ಲ. ಅದನ್ನು ಒರೆಸಲು ಹೋದರೆ ಮೊದಲು ಮಾಯವಾಗುವುದು ತಂಬೂರಿ, ಆಮೇಲೆ ಉಸಿರು. ಯಾರ ಹಾಡಾದರೂ ಉಸಿರಿಲ್ಲದೆ ಕೇಳಲು ನನಗೆ ಮನಸ್ಸಿಲ್ಲ. 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಇಳಿಸಿದ ಮೂಲ ಕಡತವನ್ನು ಮುಟ್ಟದೆ ಫ್ಲಾಕ್ (ದನಿ ಏನೂ ಕಳೆಯದ ಕಡತದ ರೂಪ) ಮಾಡಿ ಇಡುತ್ತೇನೆ, ಎರಡು ಬೇರೆಬೇರೆ ಡಿಸ್ಕ್‌ಗಳಲ್ಲಿ. ವೇಗ ತಿದ್ದಿದ್ದು ಇನ್ನೊಂದು ಪ್ರತಿ. ಎಷ್ಟು ತಿದ್ದಿದೆ, ಯಾಕೆ ತಿದ್ದಿದೆ ಅಂತ ಪಟ್ಟಿಯಲ್ಲಿ ಬರೆದಿರುತ್ತೇನೆ. ನಾಳೆ ಇನ್ನೊಬ್ಬರ ಕಿವಿಗೆ ಬೇರೆ ಅನ್ನಿಸಿದರೆ ಮೂಲದಿಂದ ಶುರು ಮಾಡಲಿ.

ಈಗ ಕೇಳುವ ವಿಷಯಕ್ಕೆ ಬರುತ್ತೇನೆ. ಈ ಸಲದ ದೊಡ್ಡ ಬದಲಾವಣೆ ಅಂದರೆ ಕಡತಗಳನ್ನು ಗಾಯಕರ ಹೆಸರಿನಲ್ಲಿ ಇಡುವುದು ಬಿಟ್ಟು ರಾಗದ ಹೆಸರಿನಲ್ಲಿ ಜೋಡಿಸಿದ್ದು. ಇದರಿಂದ ಕೇಳುವ ರೀತಿಯೇ ಬದಲಾಯಿತು. ಭೈರವಿಯ ಕಡತಗಳನ್ನೇ ನೋಡಿ. ಅಬ್ದುಲ್ ಕರೀಂ ಖಾನರ ಠುಮ್ರಿ (ಭಾವಪ್ರಧಾನವಾದ ಲಘು ಹಾಡು) ಇದೆ, ಆ ಎತ್ತರದ, ನೂಲಿನಂಥ ದನಿಯಲ್ಲಿ. ಅದೇ ಠುಮ್ರಿಯನ್ನು ಭೀಮಸೇನ ಜೋಶಿಯವರು ಹಾಡಿದ್ದು ಅದರ ಪಕ್ಕದಲ್ಲೇ ಇದೆ. ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಭೀಮಸೇನರು. ಒಂದೇ ಹಾಡು, ನಡುವೆ ಒಂದು ತಲೆಮಾರು. ಖಾನರು ಕೋಮಲ ರಿಷಭದ ಮೇಲೆ ನಿಲ್ಲುವಾಗ ಸ್ವರವನ್ನು ಒತ್ತುವುದಿಲ್ಲ, ಅದರ ಮೇಲೆ ಸುಮ್ನೆ ಕೈಯಿಟ್ಟ ಹಾಗೆ ಇರುತ್ತದೆ. ಭೀಮಸೇನರ ದನಿಗೆ ತೂಕ ಜಾಸ್ತಿ, ಆದರೆ ಆ ನಿಲ್ಲುವ ಜಾಗ ಅದೇ. ಇದನ್ನು ಓದಿ ತಿಳಿದಿದ್ದೆ. ಎರಡನ್ನೂ ಸರಿಯಾದ ಷಡ್ಜದಲ್ಲಿ ಒಂದಾದ ಮೇಲೆ ಒಂದು ಕೇಳಿದಾಗ ಮಾತ್ರ ಅದು ನನ್ನದಾಯಿತು.

ಖಾನರ ಎತ್ತರದ ದನಿ ಕೇಳಿ ತಟ್ಟೆ ಜೋರಾಗಿ ತಿರುಗುತ್ತಿರಬೇಕು ಅಂತ ಅನುಮಾನ ಬರುವುದು ಸಹಜ. ಇಳಿಸಿ ನೋಡಿ, ತಬಲಾ ಮಂಕಾಗುತ್ತದೆ, ಮಾತು ತೊದಲುತ್ತದೆ. ಅವರ ದನಿಯೇ ಅಷ್ಟು ಎತ್ತರದ್ದು.

ಅದೇ ಭೈರವಿಯಲ್ಲಿ ಕೇಸರಬಾಯಿ ಕೇರ್ಕರ್ ಅವರದ್ದೂ ಇದೆ, ‘ಜಾತ್ ಕಹಾಂ ಹೋ’. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ತಟ್ಟೆಯಲ್ಲಿ ಸೇರಿದ್ದು ಇದೇ. ಇರುವುದು ಸುಮಾರು ಮೂರೂವರೆ ನಿಮಿಷ. ಅಲ್ಲಾದಿಯಾ ಖಾನರ ಶಿಷ್ಯೆ, ಜೈಪುರ-ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ಬಿಗಿ ಅವರದ್ದು. ಅಬ್ದುಲ್ ಕರೀಂ ಖಾನರ ಭೈರವಿ ಕೇಳಿದ ಕೂಡಲೆ ಇದನ್ನು ಹಾಕಿದರೆ ಕೋಣೆಯ ಗಾಳಿಯೇ ಬದಲಾಗುತ್ತದೆ. ದನಿ ನೇರ, ತೆರೆದದ್ದು, ತಾನ್ ಒಂದು ಸ್ವರವನ್ನೂ ನುಂಗದೆ ಇಳಿಯುತ್ತದೆ.

ಮೂರು ನಿಮಿಷದ ತಟ್ಟೆಗಳನ್ನು ತುಣುಕು ಅಂತ ಕಡೆಗಣಿಸುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಫೈಯಾಜ್ ಖಾನರ ಜೈಜೈವಂತಿ ಕೇಳಿ. ಕೋಮಲ, ಶುದ್ಧ ಎರಡೂ ಗಾಂಧಾರಗಳನ್ನು ಅಷ್ಟು ಕಡಿಮೆ ಜಾಗದಲ್ಲಿ ಎಷ್ಟು ನಿರಾಳವಾಗಿ ತೋರಿಸುತ್ತಾರೆ! ಗಂಟೆಗಟ್ಟಲೆ ಹಾಡಬಲ್ಲವರು ಏನನ್ನು ಬಿಡಬೇಕು ಅಂತ ಯೋಚಿಸಿ ಹಾಡಿದ್ದಾರೆ. ಆ ಆಯ್ಕೆಯೇ ಒಂದು ಪಾಠ.

1948ರಲ್ಲಿ ಎಲ್‌ಪಿ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿ ಜಾಗ ಸಿಕ್ಕಿತು. ಅದರಿಂದ ಏನಾಯಿತು ಅಂತ ತಿಳಿಯಲು ಅಮೀರ್ ಖಾನರ ಎಲ್‌ಪಿ ಒಂದು ಸಾಕು, ಒಂದು ಬದಿ ಮಾರ್ವಾ, ಇನ್ನೊಂದು ಬದಿ ದರ್ಬಾರಿ. ಮಾರ್ವಾದಲ್ಲಿ ಪಂಚಮ ಇಲ್ಲ, ಷಡ್ಜವನ್ನೂ ತಪ್ಪಿಸಿಕೊಂಡೇ ಓಡಾಡಬೇಕು. ಕೋಮಲ ರಿಷಭ, ಧೈವತಗಳ ಮೇಲೆ ನಿಂತು ನಿಂತು, ಹದಿನಾಲ್ಕು ಮಾತ್ರೆಯ ಝೂಮ್ರಾ ತಾಳದಲ್ಲಿ ಅವರು ಷಡ್ಜವನ್ನು ಮುಂದೂಡುತ್ತಾ ಹೋಗುತ್ತಾರೆ. ಇಷ್ಟು ಕಾಯಿಸುವುದು ಮೂರು ನಿಮಿಷದಲ್ಲಿ ಆಗುವ ಮಾತಲ್ಲ. ಟರ್ನ್‌ಟೇಬಲ್ ಸ್ವಲ್ಪ ಅಲುಗಿದರೂ ಈ ಬದಿಯಲ್ಲಿ ಗೊತ್ತಾಗಿಬಿಡುತ್ತದೆ, ಯಾಕೆಂದರೆ ಅಷ್ಟು ಹೊತ್ತು ನಮ್ಮ ಮನಸ್ಸೇ ಷಡ್ಜವನ್ನು ಹಿಡಿದುಕೊಂಡಿರುತ್ತದೆ. ಹಾಗಾಗಿ ಬೆಲ್ಟ್ ಬದಲಿಸಿದ ಮೇಲೆ ಪರೀಕ್ಷೆಗೆ ನಾನು ಹಾಕುವುದು ಇದನ್ನೇ.

ಕ್ಯಾಸೆಟ್‌ಗಳ ಕಥೆ ಬೇರೆ. ಬಹಳಷ್ಟು ಆಕಾಶವಾಣಿಯಿಂದ ಮನೆಯಲ್ಲೇ ಮುದ್ರಿಸಿಕೊಂಡವು. 1952ರಲ್ಲಿ ಶುರುವಾದ, ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದವೂ ಇವೆ. ಇಂಥವುಗಳಲ್ಲಿ ನಿರೂಪಕರ ಮಾತನ್ನು ಕತ್ತರಿಸಬೇಡಿ. ರಾಗ, ತಾಳ, ಪಕ್ಕವಾದ್ಯದವರ ಹೆಸರು ಎಲ್ಲ ಅಲ್ಲೇ ಸಿಗುತ್ತದೆ, ಜೊತೆಗೆ ಮಾತಿನ ದನಿಯಿಂದ ವೇಗವೂ ತಿಳಿಯುತ್ತದೆ.

ಹಾಕುವ ಮೊದಲು ಟೇಪನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಬೇಕು. ಒಳಗಿನ ಪುಟ್ಟ ಫೆಲ್ಟ್ ಒತ್ತು ಬಿದ್ದುಹೋಗಿದ್ದರೆ ಸ್ಕ್ರೂ ಇರುವ ಬೇರೆ ಕವಚಕ್ಕೆ ಟೇಪನ್ನು ವರ್ಗಾಯಿಸಬೇಕು. ಆಮೇಲೆ ಹೆಡ್‌ನ, ಅಂದರೆ ಟೇಪಿನಿಂದ ದನಿಯನ್ನು ಓದುವ ಭಾಗದ, ಕೋನ. ಮುದ್ರಿಸಿದ ಯಂತ್ರದ ಹೆಡ್ ನಿಂತಿದ್ದ ಕೋನಕ್ಕೂ ನಮ್ಮದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದರೂ ದನಿಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಮೋನೊದಲ್ಲಿ ಕೇಳುತ್ತಾ, ತೆಳು ಸ್ಕ್ರೂಡ್ರೈವರ್‌ನಿಂದ ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಒಂದು ಜಾಗದಲ್ಲಿ ತಂಬೂರಿಯ ಜೀವಾಳ ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು, ಬೇರೆ ದಾರಿಯಿಲ್ಲ. 90 ನಿಮಿಷದ ಟೇಪಿನಲ್ಲಿ ನಲವತ್ತೈದನೇ ನಿಮಿಷಕ್ಕೆ ಬದಿ ಮುಗಿದು ಬಡಾ ಖಯಾಲ್ (ನಿಧಾನ ಲಯದ ದೀರ್ಘ ಹಾಡು) ಕಡಿದುಹೋಗುತ್ತದೆ. ಆ ಸಂದಿಯನ್ನು ನಾನು ಅಂಟಿಸುವುದಿಲ್ಲ, ಎರಡು ಕ್ಷಣ ಖಾಲಿ ಬಿಡುತ್ತೇನೆ. ಅಲ್ಲಿ ಹಾಡು ಕಳೆದಿದೆ ಅನ್ನುವುದು ಕೇಳುವವರಿಗೆ ಗೊತ್ತಾಗಬೇಕು.

ಮುಂದಿನ ಸರದಿ ಮಲ್ಲಿಕಾರ್ಜುನ ಮನಸೂರರ ಕ್ಯಾಸೆಟ್‌ಗಳದ್ದು. ರಾಗದ ಪ್ರಕಾರ ಜೋಡಿಸುವ ನನ್ನ ಕ್ರಮಕ್ಕೆ ನಿಜವಾದ ಪರೀಕ್ಷೆ ಅಲ್ಲೇ. ಅವರಲ್ಲಿ ಜೋಡರಾಗಗಳು, ಅಪರೂಪದ ರಾಗಗಳು ಎಷ್ಟೊಂದು! ಬಸಂತಿ ಕೇದಾರವನ್ನು ಬಸಂತಿನ ಕೆಳಗೆ ಇಡಬೇಕೋ ಕೇದಾರದ ಕೆಳಗೋ? ಕಡತ ತನ್ನದೇ ಹೆಸರಿನಲ್ಲಿ ಒಂದೇ ಕಡೆ ಇರಲಿ, ಪಟ್ಟಿಯಲ್ಲಿ ಮಾತ್ರ ಎರಡೂ ರಾಗಗಳ ಕೆಳಗೆ ನಮೂದಾಗಲಿ ಅಂತ ತೀರ್ಮಾನಿಸಿದ್ದೇನೆ. ಬಸಂತ್ ಕೇಳಲು ಕೂತಾಗ ಇದೂ ಎದುರಿಗೆ ಬರಬೇಕು, ಕೇದಾರ ಕೇಳುವಾಗಲೂ ಬರಬೇಕು. ಆ ಕಾಲಂ ಸೇರಿಸಿ ಆಗಿದೆ. ಮೊದಲ ಕ್ಯಾಸೆಟ್ ಸುತ್ತಿಟ್ಟಿದ್ದೇನೆ, ಹೆಡ್‌ನ ಕೋನ ಸರಿಮಾಡುವುದು ನಾಳೆ ಬೆಳಗಿನ ಕೆಲಸ.