ಕೊಟ್ಟಿಗೆಗೆ ಜಾಗವಿಲ್ಲದ ಮನೆಗಳು

ನಾನು ಪಶುವೈದ್ಯ. ಹಿರಿಯೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ವಸತಿ ಗ್ರಾಮಸಭೆಗೆ ನನ್ನನ್ನು ನೋಡಲ್ ಅಧಿಕಾರಿಯಾಗಿ ನೇಮಿಸಿದ್ದರು. ಬೇರೆ ಇಲಾಖೆಯವರೊಬ್ಬರು ಸಭೆಯಲ್ಲಿ ಕುಳಿತು, ಫಲಾನುಭವಿಗಳ ಆಯ್ಕೆ ಜನರ ಎದುರಿನಲ್ಲೇ ನಡೆಯಿತೆಂದು ನೋಡಿ ಸಹಿ ಹಾಕಬೇಕು. ಇಂಥ ಕೆಲಸವನ್ನು ಶಾಸ್ತ್ರಕ್ಕೆ ಮುಗಿಸುವವರಿದ್ದಾರೆ. ನನಗಂತೂ ಆ ದಿನ ಹಾಗನ್ನಿಸಲಿಲ್ಲ.

ಸಮುದಾಯ ಭವನ ತುಂಬಿತ್ತು. ರಾಜ್ಯದ ಬಸವ ವಸತಿ ಯೋಜನೆಯಲ್ಲಿ ಬಂದ ಮನೆಗಳ ಗುರಿ ಅರ್ಜಿಗಳ ಕಾಲು ಭಾಗಕ್ಕೂ ಸಾಲುವಂತಿರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದೊಂದೇ ಹೆಸರು ಓದುತ್ತಾ ಹೋದರು. "ಅವರಿಗೆ ಆಗಲೇ ಆರ್‌ಸಿಸಿ ಮನೆ ಇದೆ" ಎಂದು ಹಿಂದಿನಿಂದ ಯಾರೋ ಎದ್ದು ನಿಂತು ಹೇಳಿದರು. ಅಕ್ಕಪಕ್ಕದವರು ಹೌದೆಂದರು, ಹೆಸರು ಬಿಟ್ಟುಹೋಯಿತು. ಯಾರ ಮನೆಯ ಮೇಲೆ ಶೀಟಿದೆ, ಯಾರ ಗೋಡೆ ಕಳೆದ ಮಳೆಗೆ ಕುಸಿಯಿತು ಎಂಬುದನ್ನು ಊರಿನಷ್ಟು ಖಚಿತವಾಗಿ ಯಾವ ಸಮೀಕ್ಷೆಯೂ ಹೇಳಲಾರದು. ಗ್ರಾಮಸಭೆಯ ಬೆಲೆ ಇರುವುದೇ ಇಲ್ಲಿ.

ಒಬ್ಬ ಹೆಂಗಸು ಎದ್ದರು. ಗಂಡ ತೀರಿಹೋಗಿದ್ದಾರೆ, ಗುಡಿಸಲಿನಲ್ಲಿ ವಾಸ. "ಪ್ರತಿ ಸಲವೂ ನನ್ನ ಹೆಸರು ಓದುತ್ತೀರಿ ಸಾರ್, ಪ್ರತಿ ಸಲವೂ ಬಿಡುತ್ತೀರಿ" ಎಂದು ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದರು. ಪಡಿತರ ಚೀಟಿ, ಗಂಡನ ಮರಣ ಪ್ರಮಾಣಪತ್ರ, ಮಡಿಕೆಯಲ್ಲೇ ಹರಿದುಹೋಗಿದ್ದ ಮನೆಗಂದಾಯದ ರಸೀದಿ. ರಸೀದಿಯಲ್ಲಿದ್ದದ್ದು ಮಾವನ ಹೆಸರು. ಆ ಜಾಗದ ಖಾತೆ ಇನ್ನೂ ಅವರ ಹೆಸರಿನಲ್ಲೇ ಇತ್ತು. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ತನ್ನ ಹೆಸರಿಗೆ ಬಾರದೆ ಆಕೆಗೆ ಮನೆ ಮಂಜೂರಾಗುವುದಿಲ್ಲ. ಗ್ರಾಮಠಾಣದೊಳಗಿನ, ಎಂದರೆ ಊರಿನ ವಾಸದ ಎಲ್ಲೆಯೊಳಗಿನ, ಜಾಗದ ಖಾತೆ ಬದಲಾಯಿಸಬೇಕಾದದ್ದು ಅದೇ ಪಂಚಾಯಿತಿ. ದಾಖಲೆ ಕೇಳುವ ಕಚೇರಿಯೂ ಅದೇ, ಕೊಡಬೇಕಾದ ಕಚೇರಿಯೂ ಅದೇ. ಆಕೆ ವರ್ಷಗಟ್ಟಲೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆದಿದ್ದರು. ನನಗೆ ಸಿಟ್ಟು ಬಂತು. ಆಕೆಯ ಖಾತೆ ಬದಲಾವಣೆಯ ಅರ್ಜಿಯನ್ನು ಮಧ್ಯಾಹ್ನವೇ ತೆಗೆದುಕೊಳ್ಳೋಣ ಎಂದೆ.

ಊಟದ ಬಿಡುವಿನಲ್ಲಿ ಪಂಚಾಯಿತಿಯ ಒಬ್ಬ ಸದಸ್ಯೆ ನನ್ನನ್ನು ಸೂರಿಲ್ಲದವರಿಗೆಂದು ಸರ್ಕಾರಿ ಯೋಜನೆಯಲ್ಲಿ ಹಿಂದೆ ಕಟ್ಟಿದ ಆಶ್ರಯ ಬಡಾವಣೆಗೆ ಕರೆದುಕೊಂಡು ಹೋದರು. ಊರಿನಿಂದ ದೂರ, ಗೋಮಾಳದಲ್ಲಿ 20x30 ಅಡಿಯ ನಿವೇಶನಗಳು. ಎಷ್ಟೋ ಮನೆಗಳಿಗೆ ಬೀಗ. ಜನವಿದ್ದ ಒಂದು ಮನೆಯೊಳಗೆ ಹೋದೆ. ಮಲಗುವ ಕೋಣೆಯ ಕಿಟಕಿಯ ಸರಳಿಗೆ ಎರಡು ಮೇಕೆ ಕಟ್ಟಿದ್ದರು. ಒಂದು ಈದು ಎರಡು ಮೂರು ದಿನವಾಗಿತ್ತು, ಮರಿ ಹಾಸಿಗೆಯ ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಲಗಿತ್ತು. ಶೌಚಾಲಯದ ತುಂಬ ಒಣಗಿದ ಶೇಂಗಾ ಬಳ್ಳಿ ಪೇರಿಸಿತ್ತು. "ನೀರೇ ಇಲ್ಲವಲ್ಲ ಸ್ವಾಮಿ, ಇನ್ನೇನಕ್ಕೆ ಬರುತ್ತದೆ ಅದು" ಎಂದರು ಮನೆಯ ಅಜ್ಜಿ. ಮೇಕೆಗಳನ್ನು ಹೊರಗೆ ಕಟ್ಟಿದರೆ ರಾತ್ರಿ ನಾಯಿ ಹಿಡಿಯುತ್ತವೆ, ಬೀದಿದೀಪವೂ ಇಲ್ಲ. ಬೀಗ ಹಾಕಿದ ಮನೆಗಳವರೆಲ್ಲ ಹಸು ಎಮ್ಮೆ ಇದ್ದವರು, ಅವುಗಳ ಜೊತೆ ಊರೊಳಗಿನ ಹಳೆಯ ಗುಡಿಸಲಿಗೇ ಹಿಂತಿರುಗಿದ್ದಾರೆ ಎಂದು ಸದಸ್ಯೆ ಹೇಳಿದರು.

ಈದ ಮೇಕೆಯ ಜೊತೆ ಒಂದೇ ಕೋಣೆಯಲ್ಲಿ ಮಕ್ಕಳು ಮಲಗುವುದೆಂದರೆ ಪಶುವೈದ್ಯನಿಗೆ ಮೊದಲು ನೆನಪಾಗುವುದು ಬ್ರುಸೆಲ್ಲಾ ರೋಗ. ಕಂದು ಹಾಕಿದ ಅಥವಾ ಈದ ಪ್ರಾಣಿಯ ಮಾಸು, ಸ್ರಾವದಿಂದ ಅದು ಮನುಷ್ಯರಿಗೆ ಹರಡುತ್ತದೆ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ ಬರುತ್ತದೆ. ಹಾಗೆಂದು ಆ ಅಜ್ಜಿಗೆ ಮೇಕೆ ಮಾರಿಬಿಡಿ ಎನ್ನಲಾದೀತೇ? ಕಷ್ಟಕಾಲಕ್ಕೆ ಅವರ ಬ್ಯಾಂಕು ಅದೇ.

ಮನೆಯ ಹಣ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬರುತ್ತದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಎಂದು ನಿಗದಿಯಾಯಿತು. ಆ 25 ಚದರ ಮೀಟರಿನಲ್ಲಿ ಕೊಟ್ಟಿಗೆ ಇಲ್ಲ. ಇರಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಮನೆ ಯಾವ ಜಾಗದಲ್ಲಿ ಏಳಬೇಕು, ನೀರಿನ ಕೊಳವೆಗೆ ಎಷ್ಟು ಹತ್ತಿರ, ದನ ಕಟ್ಟಲು ಎಲ್ಲಿ ಜಾಗ ಬಿಡಬೇಕು ಎಂಬುದನ್ನೆಲ್ಲ ನೋಡಬೇಕಾದದ್ದು ಪಂಚಾಯಿತಿ. ಮನೆಯೊಂದು ಬಾಳುವುದೋ ಬೀಗ ಬೀಳುವುದೋ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಮಧ್ಯಾಹ್ನ ಹೊಸ ನಿವೇಶನಗಳ ಜಾಗದ ಚರ್ಚೆ ಬಂತು. ಸರ್ಕಾರಿ ಜಮೀನು ಎರಡು ಕಡೆ ಇತ್ತು. ದೂರದ್ದು ದೊಡ್ಡದು; ಶಾಲೆಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕದ್ದು ಚಿಕ್ಕದು. ಹೆಚ್ಚು ನಿವೇಶನ ಸಿಗುತ್ತದೆಂದು ಹಲವು ಸದಸ್ಯರ ಒಲವು ದೂರದ ಜಾಗದ ಕಡೆಗಿತ್ತು. ನಿರ್ಧಾರ ಮಾಡುವ ಅಧಿಕಾರ ನನಗಿರಲಿಲ್ಲ, ಆದರೂ ಕಣ್ಣಾರೆ ಕಂಡದ್ದನ್ನು ಹೇಳಿದೆ. ಆಶ್ರಯ ಬಡಾವಣೆಯ ಹೆಂಗಸರು ನನಗಿಂತ ಚೆನ್ನಾಗಿ ಹೇಳಿದರು. "ಕತ್ತಲಾದ ಮೇಲೆ ಬಸುರಿಯನ್ನು ಆಟೋ ಹತ್ತಿಸಬೇಕಾದರೂ ಊರವರೆಗೆ ನಡೆಸಿಕೊಂಡು ಬರಬೇಕು" ಎಂದು ಒಬ್ಬಾಕೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ಶಾಲೆಯ ಹಿಂದಿನ ಜಾಗವೇ ಆಗಲಿ, ಅಂಚಿನಲ್ಲಿ ದನ, ಮೇಕೆ ಕಟ್ಟಲು ಸಾಮೂಹಿಕ ಜಾಗ ಬಿಡಬೇಕು ಎಂದು ನಿರ್ಣಯವಾಯಿತು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಿಂದ ಹಳೆಯ ಬಡಾವಣೆಗೆ ಮೊದಲು ಕೊಳವೆ ಹಾಕಬೇಕೆಂದು ಅದೇ ಸದಸ್ಯೆ ಪಟ್ಟು ಹಿಡಿದು ಬರೆಸಿದರು. ನಿವೇಶನಗಳ ಸಂಖ್ಯೆ ಕಡಿಮೆಯಾಯಿತು, ಕೆಲವರು ಮುನಿಸಿಕೊಂಡು ಎದ್ದು ಹೋದರು. ಅವರ ಬೇಸರವೂ ನ್ಯಾಯವಾದದ್ದೇ, ಅವರಿಗೂ ಸೂರಿಲ್ಲ.

ಬೆಳಿಗ್ಗೆ ಚೀಲ ಸುರಿದಿದ್ದ ಹೆಂಗಸಿನ ಖಾತೆಯ ಅರ್ಜಿ ಬಂದಾಗ ಆಕೆಯ ಮೈದುನ ಸಭೆಯಲ್ಲೇ ಇದ್ದರು. ಆಕ್ಷೇಪಣೆ ಇದೆಯೇ ಎಂದು ಪಿಡಿಒ ಕೇಳಿದರು. ಆತ ಎದ್ದು, "ನನ್ನದೇನೂ ಇಲ್ಲ. ಅತ್ತಿಗೆ ಕಟ್ಟಿಕೊಳ್ಳಲಿ. ನನ್ನ ಪಾಲು ಎಲ್ಲಿಯವರೆಗೆ ಎಂದು ಅಳೆದುಕೊಟ್ಟರೆ ಸಾಕು" ಎಂದರು. ಆ ಮಾತನ್ನು ಹಾಗೆಯೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಅಳತೆಗೆ ದಿನಾಂಕವನ್ನೂ ಹಾಕಿಸಿ, ಇಬ್ಬರ ಸಹಿ ಪಡೆದು, ಅದರ ಕೆಳಗೆ ನಾನು ಸಹಿ ಮಾಡಿದೆ.