ಲೆನ್ಸ್ ಒಳಗಿನ ಮಂಜು ಎಲ್ಲಿಂದ ಬರ್ತಿತ್ತು ಅಂತ ಕೊನೆಗೂ ಗೊತ್ತಾಯ್ತು

ನಿನ್ನೆ ಬೆಳಗ್ಗೆ ಏಳೂವರೆಗೆ ಬೆಳಗಾವಿಯಿಂದ ಗೋವಾಕ್ಕೆ ಹೋಗುವ ದಾರಿಯ ಚೋರ್ಲಾ ಘಾಟ್‌ನಲ್ಲಿ ರಸ್ತೆ ಪಕ್ಕ ನಿಂತು ಜೋರಾಗಿ ಕೂಗಿಬಿಟ್ಟೆ. ಅಕ್ಕನ ಮಗ ಕಾರಿನಿಂದ ಓಡಿ ಬಂದ. ಹಾವು ಬಂತು ಅಂದುಕೊಂಡಿದ್ದ. ಹಾವಲ್ಲ, ನನ್ನ ಕ್ಯಾಮೆರಾದ ಲೆನ್ಸ್ ಸ್ವಚ್ಛ ಇತ್ತು. ಸುತ್ತ ಮೋಡ ಇಳಿದಿದೆ, ಜಿಟಿಜಿಟಿ ಮಳೆ, ಅಂಗಿ ಹಿಂಡಿದರೆ ನೀರು ಬರುತ್ತೆ. ಜೂಮ್ ಪೂರ್ತಿ 600 ಮಿಲಿಮೀಟರ್‌ಗೆ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ) ಎಳೆದು ಹತ್ತು ನಿಮಿಷ ಆಗಿದೆ. ಟಾರ್ಚ್ ಬಿಟ್ಟು ನೋಡಿದೆ, ಒಳಗಿನ ಗಾಜಿನ ಮೇಲೆ ಒಂದು ಚುಕ್ಕೆ ಮಂಜೂ ಇಲ್ಲ.

ಒಂದು ವರ್ಷ ಕಾಡಿದ ಸಮಸ್ಯೆ ಇದು. ಹೋದ ಜುಲೈನಲ್ಲಿ ಇದೇ ಜಾಗದಲ್ಲಿ ನನ್ನ ಹಳೇ ಸೂಪರ್‌ಜೂಮ್ ಕ್ಯಾಮೆರಾ ಕೈಕೊಟ್ಟಿತ್ತು. ಅದಕ್ಕೆ ಸೀಲಿಂಗ್, ಅಂದರೆ ನೀರು ಧೂಳು ಒಳಗೆ ಹೋಗದ ಹಾಗೆ ಸಂದುಗಳಿಗೆ ಹಾಕುವ ರಬ್ಬರ್, ಇರಲಿಲ್ಲ ನಿಜ. ಆದರೆ ಆವತ್ತು ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕೊಡೆ ಹಿಡಿದೇ ತೆಗೆದಿದ್ದೆ. ಆದರೂ ಎರಡನೇ ಫೋಟೋದಿಂದ ಎಲ್ಲವೂ ಹಾಲು ಚೆಲ್ಲಿದ ಹಾಗೆ ಬಿಳಿ ಬಿಳಿ. ಮುಂದಿನ ಗಾಜು ಒರೆಸಿದೆ, ಹೋಗಲಿಲ್ಲ. ಮಂಜು ಕೂತಿದ್ದು ಒಳಗೆ. ಮನೆಗೆ ಬಂದು ಅದನ್ನು ಬ್ಯಾಗ್‌ನಲ್ಲೇ ಬಿಟ್ಟೆ. ಬೆಳಗಾವಿಯ ಮಳೆಗಾಲ ಗೊತ್ತಲ್ಲ, ಸೆಪ್ಟೆಂಬರ್ ಹೊತ್ತಿಗೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಫಂಗಸ್ ಎಳೆಗಳು. ರಿಪೇರಿಯವರು ಟಾರ್ಚ್ ಹಿಡಿದು ನೋಡಿ, "ಸಾಹೇಬ್ರ, ಇದನ್ನ ಬಿಚ್ಚಿ ಒರಸೋ ರೊಕ್ಕಕ್ಕ ಇನ್ನೊಂದು ಹಳೇದು ಬರ್ತದರೀ" ಅಂದರು. ಆ ಕೆಲಸದ ಹಣ ಕಳೆದುಕೊಂಡೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಸರಿ, ಸೀಲಿಂಗ್ ಇರುವುದನ್ನೇ ತಗೊಳ್ಳೋಣ ಅಂತ ಹುಡುಕಾಟ ಶುರುವಾಯಿತು. ನಮ್ಮ ಕಡೆಯವರ ತೊಂದರೆ ಏನು ಅಂದರೆ, ಒಂದೇ ಕ್ಯಾಮೆರಾ ಎರಡು ಬೇರೆ ಬೇರೆ ಲೋಕಕ್ಕೆ ಹೋಗಬೇಕು. ಪಶ್ಚಿಮಕ್ಕೆ ಹೊರಟರೆ ಒಂದು ತಾಸಿನಲ್ಲಿ ಖಾನಾಪುರ ತಾಲ್ಲೂಕಿನ ಕಾಡು, ನಾಲ್ಕು ತಿಂಗಳು ಬಿಡದ ಮಳೆ. ಪೂರ್ವಕ್ಕೆ ಹೊರಟರೆ ಬಾದಾಮಿಯ ಕೆಂಪು ಮರಳುಗಲ್ಲಿನ ಪುಡಿ. ಇನ್ನೂ ಮುಂದೆ ವಿಜಯಪುರದ ಎರೆ ಹೊಲದ ಧೂಳು, ಅದು ಟಾಲ್ಕಂ ಪೌಡರ್‌ಗಿಂತ ನಯ. ಮಳೆಗೆ ಒಂದು, ಧೂಳಿಗೆ ಇನ್ನೊಂದು ಅಂತ ಇಟ್ಟುಕೊಳ್ಳೋಕೆ ನನ್ನ ಹತ್ತಿರ ಆಗಲ್ಲ. ಬೈಕ್ ಮೇಲೆ ಹೋಗುವಾಗ ಲೆನ್ಸ್ ಬದಲಾಯಿಸುವುದೂ ಬೇಡ. ಉಳಿಯೋದು ಅಂಟಿಕೊಂಡ ಲೆನ್ಸಿನ ಜೂಮ್ ಕ್ಯಾಮೆರಾ ಮಾತ್ರ.

ಪಟ್ಟಿ ಬೇಗ ಸಣ್ಣದಾಯಿತು. ನಿಕಾನ್ ಪಿ1000 ಎಲ್ಲರ ಬಾಯಲ್ಲೂ ಇದೆ, 3000 ಮಿಲಿಮೀಟರ್ ತನಕ ಹೋಗುತ್ತೆ. ಆದರೆ 1,415 ಗ್ರಾಂ ತೂಕ, ಮಳೆ ಧೂಳು ತಡೆಯುವ ಸೀಲಿಂಗ್ ಇಲ್ಲ. ಬಿಟ್ಟೆ. ಒಎಂ ಸಿಸ್ಟಂನ ಟಫ್ ಟಿಜಿ-7 ನೀರಿನಲ್ಲಿ 15 ಮೀಟರ್ ಮುಳುಗಿದರೂ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತೆ. ಜೂಮ್ ಮಾತ್ರ 100ಕ್ಕೇ ಮುಗಿಯಿತು. ಹಕ್ಕಿ ಎಲ್ಲಿ ಕೂತಿದೆ ಅಂತ ಬಾಣದ ಗುರುತು ಹಾಕಿ ತೋರಿಸಬೇಕಾಗುತ್ತೆ.

ಉಳಿದದ್ದು ಎರಡು. ಸೋನಿ ಆರ್‌ಎಕ್ಸ್10 ಮಾರ್ಕ್ 4 (2017), ಪ್ಯಾನಾಸೋನಿಕ್ ಎಫ್‌ಝಡ್300 (2015). ಎರಡೂ 600 ತನಕ ಹೋಗುತ್ತವೆ, ಎರಡಕ್ಕೂ ತುಂತುರು ಮತ್ತು ಧೂಳಿಗೆ ತಡೆ ಇದೆ. ಎಫ್‌ಝಡ್300 ಪೂರ್ತಿ ಜೂಮ್‌ನಲ್ಲೂ ಎಫ್/2.8 ಅಪರ್ಚರ್ ಕೊಡುತ್ತೆ, ಸೋನಿ ಎಫ್/4. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತೆ. ಇಷ್ಟೇ ನೋಡಿದರೆ ಪ್ಯಾನಾಸೋನಿಕ್ ಗೆದ್ದಿತು ಅನ್ನಿಸುತ್ತೆ. ಆದರೆ ಸೋನಿಯ ಒಂದಿಂಚಿನ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್) ವಿಸ್ತೀರ್ಣ ಇನ್ನೊಂದರ 1/2.3 ಇಂಚಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಅಪರ್ಚರ್‌ನಲ್ಲಿ ಒಂದು ಸ್ಟಾಪ್ (ಅಂದರೆ ಅರ್ಧದಷ್ಟು ಬೆಳಕು) ಸೋತರೂ ಒಟ್ಟು ಬೆಳಕಿನ ಲೆಕ್ಕದಲ್ಲಿ ಒಂದು ಸ್ಟಾಪ್ ಮುಂದೇ ಇರುತ್ತೆ. ಕಾಡಿನ ಮಬ್ಬಿನಲ್ಲಿ ಅದು ಚೆನ್ನಾಗಿ ಕಾಣುತ್ತೆ. ಆದರೆ ತೂಕ 1,095 ಗ್ರಾಂ, ಇನ್ನೊಂದು 691. ಬೆಲೆಯ ಅಂತರ ನೋಡಿದರೆ ತೂಕದ ಅಂತರ ಏನೂ ಅಲ್ಲ.

ಇಷ್ಟು ಲೆಕ್ಕ ಹಾಕುತ್ತಾ ಕೂತಿದ್ದಾಗ, ಈ ಜೂನ್‌ನಲ್ಲಿ ಗೆಳೆಯರೊಬ್ಬರು ತಮ್ಮ ಸೀಲಿಂಗ್ ಇರುವ ಜೂಮ್ ಕ್ಯಾಮೆರಾ ಕೊಟ್ಟರು. ಯಾವ ಕಂಪನಿಯದು ಅಂತ ಹೇಳೋದಿಲ್ಲ. ತಪ್ಪು ಅದರದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಖುಷಿಯಿಂದ ಚೋರ್ಲಾಕ್ಕೆ ಹೋದೆ. ಕಾರಿನಿಂದ ಇಳಿದೆ, ಜೂಮ್ ಎಳೆದೆ, ನಾಲ್ಕು ಫೋಟೋ ತೆಗೆದೆ. ಐದನೆಯದು ಮತ್ತೆ ಹಾಲು. ಸೀಲಿಂಗ್ ಇದ್ದೂ ಒಳಗೆ ಮಂಜು! ಆವತ್ತು ಘಾಟ್‌ನಿಂದ ಮನೆ ತನಕ ನಾನು ಒಂದು ಮಾತೂ ಆಡಲಿಲ್ಲ. ಅಷ್ಟು ದುಡ್ಡು ಸುರಿದು ಸೀಲಿಂಗ್ ತಗೊಂಡೂ ಇದೇ ಕತೆ ಅಂದರೆ, ಮಳೆಗಾಲದಲ್ಲಿ ಫೋಟೋ ತೆಗೆಯೋದೇ ಬಿಡಬೇಕಾ ಅನ್ನಿಸಿತ್ತು.

ಸುಳಿವು ಸಿಕ್ಕಿದ್ದು ಎರಡು ದಿನ ಆದಮೇಲೆ, ಬೆಳಗಾವಿಯ ಟಿಳಕವಾಡಿಯಲ್ಲಿ. ಕಾರು ನಿಲ್ಲಿಸಿ ಇಳಿದೆ. ಅಕ್ಕನ ಮಗ ನನ್ನ ಮುಖ ನೋಡಿ ಅಂದ, "ಮಾಮಾ, ಮೊದಲ ಚಾಳೀಸ ಒರಸಿಕೊಳ್ರಿ, ಗಟಾರದಾಗ ಕಾಲ ಇಡ್ತೀರಿ."

ಕನ್ನಡಕ ಕೈಗೆ ತಗೊಂಡೆ. ಎರಡೂ ಗಾಜಿನ ಮೇಲೆ ಮಂಜು. ಅಂಗಿಯ ತುದಿಯಿಂದ ಒರೆಸಿದೆ. ಅರ್ಧ ನಿಮಿಷದಲ್ಲಿ ಮತ್ತೆ ಕೂತಿತು. ಮತ್ತೆ ಒರೆಸಿದೆ. ಮೂರನೇ ಸಲ ಬರಲಿಲ್ಲ, ಅಷ್ಟರಲ್ಲಿ ಗಾಜು ಬೆಚ್ಚಗಾಗಿತ್ತು. ನಾನು ಆ ಕನ್ನಡಕ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಕಾರಿನ ಏಸಿ 18ರಲ್ಲಿತ್ತು. ಚೋರ್ಲಾಕ್ಕೆ ಹೋದಾಗಲೂ 18ರಲ್ಲೇ ಇತ್ತು. ಎರಡು ಸಲವೂ.

ಮನೆಗೆ ಬಂದು ಸ್ಟೀಲ್ ಪಟ್ಟಿ ಹಿಡಿದು ಅಳೆದೆ. ಗೆಳೆಯರ ಕ್ಯಾಮೆರಾದ ಲೆನ್ಸ್ ಪೂರ್ತಿ ಜೂಮ್‌ನಲ್ಲಿ ಸುಮಾರು 6 ಸೆಂಟಿಮೀಟರ್ ಮುಂದೆ ಬರುತ್ತೆ, ಕೊಳವೆಯ ಅಡ್ಡಳತೆ ಸುಮಾರು 5. ಅಂದರೆ ಒಂದು ಸಲ ಎಳೆದರೆ ಒಳಗೆ ಹೆಚ್ಚುಕಡಿಮೆ 120 ಮಿಲಿಲೀಟರ್ ಜಾಗ ಹೊಸದಾಗಿ ಹುಟ್ಟುತ್ತೆ. ಒಂದು ಲೋಟ ಚಹಾದಷ್ಟು. ಆ ಜಾಗಕ್ಕೆ ಗಾಳಿ ಬರಬೇಕು. ಹೊರಗಿನಿಂದಲೇ ಬರಬೇಕು. ಸೈಕಲ್ ಪಂಪಿನ ಹಿಡಿ ಎಳೆದಾಗ ಆಗೋದೇ ಇಲ್ಲೂ ಆಗುತ್ತೆ. ಸೀಲಿಂಗ್ ಹನಿಯನ್ನು ತಡೆಯುತ್ತೆ, ಧೂಳನ್ನು ಬಹಳಷ್ಟು ತಡೆಯುತ್ತೆ, ಗಾಳಿಯನ್ನು ತಡೆಯೋ ಹಾಗಿಲ್ಲ. ಪೂರ್ತಿ ತಡೆದರೆ ಜೂಮ್ ಎಳೆಯೋಕೇ ಆಗಲ್ಲ. ಟಿಜಿ-7 ನೀರೊಳಗೆ ಮುಳುಗೋದು ಹೇಗೆ ಅಂತ ಆಗ ಅರ್ಥ ಆಯಿತು. ಅದರ ಲೆನ್ಸ್ ಹೊರಗೆ ಬರೋದೇ ಇಲ್ಲ, ಮಡಚಿದ ದಾರಿಯಲ್ಲಿ ಮೈಯೊಳಗೇ ಓಡಾಡುತ್ತೆ.

ಈಗ ಆ ಒಂದು ಲೋಟ ಗಾಳಿಯ ಲೆಕ್ಕ. ಘಾಟ್‌ನಲ್ಲಿ ಮಳೆಗಾಲದ ಬೆಳಗ್ಗೆ 23 ಡಿಗ್ರಿ ಇದೆ ಅಂದುಕೊಳ್ಳಿ, ತೇವ ತುಂಬಿ ತುಳುಕುತ್ತಿದೆ. ಅಂಥ ಒಂದು ಘನ ಮೀಟರ್ ಗಾಳಿಯಲ್ಲಿ 20 ಗ್ರಾಂಗಿಂತ ಸ್ವಲ್ಪ ಜಾಸ್ತಿ ನೀರಾವಿ ಇರುತ್ತೆ. 18 ಡಿಗ್ರಿಯ ಗಾಳಿ ಹಿಡಿದುಕೊಳ್ಳೋದು 15 ಗ್ರಾಂ ಚಿಲ್ಲರೆ ಮಾತ್ರ. ಏಸಿಯಲ್ಲಿ ತಣ್ಣಗಾದ ಗಾಜಿನ ಹತ್ತಿರ ಬಂದ ಗಾಳಿ ಆ ಉಳಿದ 5 ಗ್ರಾಂ ಅನ್ನು ಬಿಟ್ಟುಕೊಡಲೇಬೇಕು. ಒಂದು ಲೋಟ ಗಾಳಿಗೆ ಅದು ಅರ್ಧ ಮಿಲಿಗ್ರಾಂ ಚಿಲ್ಲರೆ. ಬಹಳ ಕಮ್ಮಿ ಅನ್ನಿಸುತ್ತೆ, ಆದರೆ ರೂಪಾಯಿ ನಾಣ್ಯದಷ್ಟು ಗಾಜು ಮಬ್ಬಾಗೋಕೆ ಅಷ್ಟು ಸಾಕು. ನಾವು ಒಂದೇ ಸಲ ಎಳೆದು ಬಿಡ್ತೀವಾ? ಹಕ್ಕಿ ಹುಡುಕೋಕೆ ಹಿಂದೆ ಮುಂದೆ ಹತ್ತು ಸಲ ಎಳೀತೀವಿ. ಹೊರಗಿನ ಗಾಜನ್ನು ಒರೆಸಬಹುದು. ಒಳಗಿನದನ್ನು ಯಾರು ಒರೆಸಬೇಕು?

ಲೆಕ್ಕ ಸರಿ ಇದೆಯಾ ಅಂತ ಎರಡು ಭಾನುವಾರ ಅದೇ ಕ್ಯಾಮೆರಾ, ಅದೇ ಜಾಗ, ಅದೇ ಹೊತ್ತಿಗೆ ಹೋದೆವು. ಮೊದಲ ಭಾನುವಾರ ಏಸಿ ಹಾಕಿ, ಕ್ಯಾಮೆರಾ ತೆರೆದ ಬ್ಯಾಗ್‌ನಲ್ಲಿ ಹಿಂದಿನ ಸೀಟಿನ ಮೇಲೆ. ಇಳಿದು ಎಳೆದ ಮೂರು ನಿಮಿಷದಲ್ಲಿ ಮಂಜು. ಎರಡನೇ ಭಾನುವಾರ ಏಸಿ ಬಂದ್, ಕಿಟಕಿ ಸ್ವಲ್ಪ ತೆರೆದು. ಕ್ಯಾಮೆರಾ ಗಾಳಿಯಾಡದ ಜಿಪ್ ಕವರ್‌ನಲ್ಲಿ, ಮುಟ್ಟಿದರೆ ಹೊರಗಿನಷ್ಟೇ ಬೆಚ್ಚಗೆ. ತಲುಪಿದ ಮೇಲೂ ಅರ್ಧ ತಾಸು ಕವರ್ ಬಿಚ್ಚಲಿಲ್ಲ. ಅಷ್ಟು ಹೊತ್ತು ಚುರುಮುರಿ ತಿಂದೆವು. ಆಮೇಲೆ ಎಳೆದರೆ ಮಂಜಿಲ್ಲ. ಇಪ್ಪತ್ತು ಸಲ ಎಳೆದೆ, ಮಂಜಿಲ್ಲ. ತೇವದ ಗಾಳಿ ಒಳಗೆ ಹೋಗಿದೆ, ಆದರೆ ತಣ್ಣನೆಯ ಗಾಜು ಸಿಕ್ಕಿಲ್ಲ. ಅಷ್ಟೇ ವ್ಯತ್ಯಾಸ.

ಹಾಗಾದರೆ ಸೀಲಿಂಗ್ ಬೇಡವಾ? ಬೇಕೇ ಬೇಕು, ಆದರೆ ಬೇರೆ ಕೆಲಸಕ್ಕೆ. ಮುಂದಿನ ವಾರ ಗೋಕಾಕ ಫಾಲ್ಸ್‌ಗೆ ಹೋದೆ. ಘಟಪ್ರಭೆ ಕೆಂಪಗೆ ತುಂಬಿ 52 ಮೀಟರ್ ಕೆಳಗೆ ಬೀಳುತ್ತಿತ್ತು. ಅಲ್ಲಿ ಮಳೆ ಇಲ್ಲದಿದ್ದರೂ ತುಂತುರು ಎದ್ದು ಬಂದು ಕೆಳಗಿನಿಂದ, ಪಕ್ಕದಿಂದ ಹೊಡೆಯುತ್ತೆ. ಕೊಡೆ ಉಪಯೋಗಕ್ಕೆ ಬರಲ್ಲ. ಅಂಥ ಕಡೆ ಬಟನ್ ಸಂದು, ಬ್ಯಾಟರಿ ಬಾಗಿಲು, ಜೂಮ್ ಕೊಳವೆಯ ಕೂಡು, ಇವುಗಳಿಗೆ ರಬ್ಬರ್ ಇರಲೇಬೇಕು. ಗೆಳೆಯರ ಕ್ಯಾಮೆರಾ ಆವತ್ತು ಮಿಂದೆದ್ದರೂ ಏನೂ ಆಗಲಿಲ್ಲ. ಒಂದು ಮಾತು: ಹಸಿ ಕೊಳವೆಯನ್ನು ಒರೆಸದೆ ಹಿಂದಕ್ಕೆ ಎಳೀಬೇಡಿ. ಹನಿಗಳನ್ನು ನಾವೇ ಕೈಹಿಡಿದು ಒಳಗೆ ಕರೆದ ಹಾಗೆ ಆಗುತ್ತೆ.

ಇಷ್ಟು ಗೊತ್ತಾದ ಮೇಲೆ ಆಯ್ಕೆ ಸುಲಭವಾಯಿತು. ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳೋ ವಿಷಯದಲ್ಲಿ ಸೋನಿಯೂ ಎಫ್‌ಝಡ್300 ಕೂಡ ಒಂದೇ, ಎರಡೂ ಕೊಳವೆ ಚಾಚುವಂಥವೇ. ಹಾಗಿದ್ದ ಮೇಲೆ ಸೆನ್ಸರ್‌ಗಾಗಿ ಅಷ್ಟು ಹೆಚ್ಚಿಗೆ ಕೊಡೋಕೆ ನನಗೆ ಮನಸ್ಸಾಗಲಿಲ್ಲ. ಸೆಕೆಂಡ್ ಹ್ಯಾಂಡ್ ಎಫ್‌ಝಡ್300 ತಗೊಂಡೆ. ಬೆಳಕು ಕಮ್ಮಿ ಇದ್ದಾಗ ಏರಿಸುವ ಐಎಸ್ಒ 800 ದಾಟಿದರೆ ಪುಕ್ಕದ ಎಳೆಗಳು ಕಲಸಿಹೋಗುತ್ತವೆ, ಆ ಬೇಜಾರು ಇದ್ದೇ ಇದೆ. ಆದರೆ ಎಫ್/2.8 ಇರೋದರಿಂದ 800 ದಾಟೋದು ಕಮ್ಮಿ.

ತಗೊಳ್ಳೋದರಲ್ಲಿ ಪಟ್ಟ ಪಾಡು ಬೇರೆ. ಮೊದಲ ಮಾರಾಟಗಾರ "ಹೊಸದರ ಹಾಗೇ ಇದೆ" ಅಂದ. ಒಂದು ಫೋಟೋದಲ್ಲೂ ಪಕ್ಕದ ಪೋರ್ಟ್ ಮುಚ್ಚಳ ತೋರಿಸಿರಲಿಲ್ಲ. ಹಟ ಹಿಡಿದು ಕೇಳಿದ ಮೇಲೆ ವಿಡಿಯೋ ಕಳಿಸಿದ. ಮುಚ್ಚಳದ ರಬ್ಬರ್ ಅರ್ಧ ಕಿತ್ತು ಜೋತಾಡುತ್ತಿದೆ! ಸೀಲಿಂಗ್‌ಗಾಗಿಯೇ ತಗೊಳ್ಳುವ ಕ್ಯಾಮೆರಾದಲ್ಲಿ ರಬ್ಬರ್ ಇಲ್ಲ ಅಂದರೆ ಅದು ತಳ ಒಡೆದ ಕೊಡ. ಹಳೇದು ಕೊಳ್ಳುವವರು ಶಟರ್ ಎಣಿಕೆ (ಎಷ್ಟು ಫೋಟೋ ತೆಗೆದಿದೆ ಅನ್ನೋದು) ಆಮೇಲೆ ಕೇಳಿ, ಮೊದಲು ಎಲ್ಲಾ ಮುಚ್ಚಳ ತೆರೆದು ರಬ್ಬರ್ ನೋಡಿ. ಕ್ಯಾಮೆರಾ ಒಣಗಿಸಿಡೋಕೆ ತಂದ ಸಿಲಿಕಾ ಜೆಲ್ ಮಾರಿದವನ ಮೇಲೆ ಇನ್ನೂ ಸಿಟ್ಟಿದೆ. ಕಿತ್ತಳೆ ಬಣ್ಣದ ಮಣಿ ತೇವ ಕುಡಿದರೆ ಹಸಿರಾಗುತ್ತೆ ಅನ್ನೋದು ನಮಗೆಲ್ಲ ಗೊತ್ತು. ಪೊಟ್ಟಣ ಒಡೆದರೆ ಅರ್ಧಕ್ಕರ್ಧ ಹಸಿರು! ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ಕಿತ್ತಳೆ ಮಾಡಿಕೊಂಡೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಅವ್ವ ಉಪ್ಪಿನ ಡಬ್ಬಿಗೆ ಹಾಕುವ ಹಾಗೆ ಅಕ್ಕಿ ಹಾಕು ಅಂದಿದ್ದಳು. ಅವಳ ಮಾತು ಮೀರಬಾರದು ಅಂತ ಅದನ್ನೂ ಅಳೆದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ತೇವ ಅಳೆಯುವ ಚಿಕ್ಕ ಹೈಗ್ರೋಮೀಟರ್ ಇಟ್ಟು ಒಂದು ರಾತ್ರಿ ಬಿಟ್ಟೆ. ಅಕ್ಕಿ ಹಾಕಿದಾಗ ತೇವ ಶೇಕಡಾ 84ರಿಂದ 71ಕ್ಕೆ ಇಳಿಯಿತು. ಸಿಲಿಕಾ ಹಾಕಿದಾಗ 38. ಫಂಗಸ್ ಬೇಡ ಅಂದರೆ 60ರ ಕೆಳಗಿರಬೇಕು, ಪೂರ್ತಿ ಒಣಗಿದರೆ ರಬ್ಬರ್‌ಗೂ ಒಳ್ಳೇದಲ್ಲ. ಅದಕ್ಕೆ ಒಂದಿಷ್ಟು ಮಣಿ ತೆಗೆದು 45ರ ಹತ್ತಿರ ನಿಲ್ಲಿಸಿದ್ದೇನೆ. ಮನೆಗೆ ಬಂದ ಕೂಡಲೇ ಲೆನ್ಸ್ ಚಾಚಿಯೇ ಡಬ್ಬದಲ್ಲಿ ಇಡ್ತೀನಿ, ಒಳಗೆ ಎಳೆದುಕೊಂಡ ತೇವವೂ ಹೊರಗೆ ಬರಲಿ ಅಂತ.

ಅವ್ವನಿಗೆ ಅಕ್ಕಿ ಸೋತದ್ದು ಸರಿ ಕಾಣಲಿಲ್ಲ. ಆದರೆ ಜೋಳ ಗೆದ್ದಿದೆ! ಚಳಿಗಾಲಕ್ಕೆ ಧೂಪದಾಳದ ಹತ್ತಿರ ಘಟಪ್ರಭಾ ಪಕ್ಷಿಧಾಮಕ್ಕೆ ಡೆಮೊಯ್ಸೆಲ್ ಕ್ರೇನ್ ಅನ್ನೋ ವಲಸೆ ಹಕ್ಕಿಗಳು ಬರುತ್ತವಲ್ಲ, ಅದಕ್ಕೆ ಕಾರಿನ ಕಿಟಕಿ ಮೇಲೆ ಇಡುವ ಬೀನ್ ಬ್ಯಾಗ್ ಹೊಲಿಯುತ್ತಿದ್ದೇನೆ. ಹಳೇ ಜೀನ್ಸ್ ಪ್ಯಾಂಟಿನ ಕಾಲು, ಒಳಗೆ ಎರಡು ಕಿಲೋ ಜೋಳ. ಜೋಳದ ಕಾಳು ದುಂಡಗೆ ನುಣ್ಣಗೆ ಇರೋದರಿಂದ ಲೆನ್ಸ್ ಕೂತ ಜಾಗಕ್ಕೆ ಸರಿಯಾಗಿ ತಗ್ಗು ಬೀಳುತ್ತೆ. ಹೆಸರುಕಾಳು ಹಾಕಿ ನೋಡಿದೆ, ಜಾರುತ್ತೆ. "ಎರಡು ಕಿಲೋ ಜೋಳದಾಗ ಎಷ್ಟ ರೊಟ್ಟಿ ಆಗತಾವ ಗೊತ್ತೇನ?" ಅಂತ ಅವ್ವ ಕೇಳುತ್ತಿದ್ದಾಳೆ. ಹಕ್ಕಿ ಹೋದ ಮೇಲೆ ಬೀಸಿಕೊಂಡರಾಯ್ತು ಅಂದಿದ್ದೇನೆ. ಚೀಲಕ್ಕೆ ಜಿಪ್ ಹೊಲಿಯೋದೊಂದೇ ಬಾಕಿ.

ಅದಕ್ಕೂ ಮುಂದಿನ ಆಸೆ, ಚಾಚದೇ ಇರುವ ಜೂಮ್. ಒಲಿಂಪಸ್‌ನ 40-150 ಎಫ್/2.8 ಲೆನ್ಸ್‌ನಲ್ಲಿ ಗಾಜುಗಳು ಒಳಗೇ ಸರಿಯುತ್ತವೆ, ಉದ್ದ ಬದಲಾಗಲ್ಲ. ನೀರು ಧೂಳು ತಡೆಯುವ ಐಪಿ53 ಗುರುತಿನ ಒಎಂ-5 ಕ್ಯಾಮೆರಾ ಬಾಡಿಗೆ ಹಾಕಿದರೆ, ಅದರ ಸೆನ್ಸರ್ ಅಳತೆಯಿಂದಾಗಿ ಎರಡು ಪಟ್ಟಾಗಿ 80ರಿಂದ 300 ತನಕ, ಒಟ್ಟು ಒಂದೂಕಾಲು ಕಿಲೋ ಆಸುಪಾಸು. ಬೆಲೆ ನೋಡಿದರೆ ಇನ್ನೆರಡು ವರ್ಷ ಬೇಕು. ಕನಸಿನ ಕಡತದಲ್ಲಿ ಇರಲಿ.

ಧೂಳಿನ ಪರೀಕ್ಷೆ ಇನ್ನೂ ಆಗಿಲ್ಲ. ಅದಕ್ಕೆ ಏಪ್ರಿಲ್ ಬರಬೇಕು, ಬಾದಾಮಿಯ ಬಂಡೆ ಕಾಯಬೇಕು, ಗಾಳಿ ಬೀಸಬೇಕು. ಸದ್ಯಕ್ಕೆ ಒಂದು ಮೃದು ಮೇಕಪ್ ಬ್ರಷ್ ತಗೊಂಡು ಬ್ಯಾಗಿಗೆ ಹಾಕಿದ್ದೇನೆ, ಜೂಮ್ ಹಿಂದಕ್ಕೆ ಎಳೆಯುವ ಮೊದಲು ಕೊಳವೆ ಗುಡಿಸೋಕೆ. ಬರುವ ಶನಿವಾರ ಜಾಂಬೋಟಿ ಕಡೆ ಮತ್ತೆ ಹೋಗ್ತಿದ್ದೀವಿ. ಬೆಳಗ್ಗೆ ಐದಕ್ಕೆ, ಏಸಿ ಇಲ್ಲದೆ. ಅಕ್ಕನ ಮಗ ಈಗಲೇ ಇನ್ನೊಂದು ಟವೆಲ್ ತೆಗೆದಿಟ್ಟುಕೊಂಡಿದ್ದಾನೆ.